ಇಪ್ಪತ್ತೊಂದನೆಯ ಷರತ್ತು

ಮನುಷ್ಯನಿಗೆ ತಾನು ಮಾಡುವ ಕೆಲಸದ ಮೇಲೆ ವಿಶ್ವಾಸ ಇರಬೇಕು. ನನಗೆ ಅದು ಸ್ವಲ್ಪ ಜಾಸ್ತಿಯೇ ಇದೆ ಎಂದು ನನ್ನ ಹೆಂಡತಿ ನಾಗರತ್ನ ಹೇಳುತ್ತಾಳೆ. ಆಕೆ ಹೇಳುವ ಎಷ್ಟೋ ಮಾತುಗಳನ್ನು ನಾನು ಒಪ್ಪುವುದಿಲ್ಲವಾದರೂ ಇದನ್ನು ಮಾತ್ರ ಸಂತೋಷವಾಗಿ ಒಪ್ಪುತ್ತೇನೆ. ಕುಣಿಗಲ್ಲಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಮುಂದೆ, ಹೊಂಗೆಮರದ ಕೆಳಗೆ, ಟೈಪ್ ಮೆಷಿನ್ ಇಟ್ಟುಕೊಂಡು ಮೂವತ್ತು ವರ್ಷ ಪತ್ರ ಬರೆದ ರೈಟರ್ ನಾನು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಬಾಡಿಗೆ ಕರಾರು, ಯಾವುದನ್ನು ಕೇಳಿದರೂ ಸರಿ, ಪಾರ್ಟಿ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಪತ್ರ ತಯಾರಾಗಿರುತ್ತಿತ್ತು. ಇವನು ಬರೆದ ಪತ್ರದಲ್ಲಿ ಸೂಜಿ ತೂರಿಸುವಷ್ಟು ಸಂದೂ ಇರುವುದಿಲ್ಲ ಎಂದು ತಾಲ್ಲೂಕಿನಲ್ಲೆಲ್ಲ ಹೆಸರಿತ್ತು. ಆ ಹೆಸರನ್ನು ಹರಡಿದವರಲ್ಲಿ ನಾನೂ ಒಬ್ಬ ಎಂಬುದನ್ನು ಮುಚ್ಚಿಡುವುದಿಲ್ಲ.

ಹೀಗೆ ಊರವರ ಆಸ್ತಿಯನ್ನೆಲ್ಲ ಬರೆದು ಬರೆದು, ನನ್ನ ಹೆಸರಿಗೆ ಒಂದು ಗೇಣು ಜಾಗವೂ ಇಲ್ಲ ಎಂಬುದು ನನ್ನ ಗಮನಕ್ಕೆ ಬಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಮಾರ್ಕೋನಹಳ್ಳಿ ನಾಲೆಯ ಕೆಳಗಿನ ಗದ್ದೆಗಳ ಚಕ್ಕುಬಂದಿಯನ್ನು, ಎಂದರೆ ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಓಣಿ ಎಂಬುದನ್ನು, ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಆದರೆ ನಾನು ಸಂಸಾರ ಮಾಡುತ್ತಿದ್ದದ್ದು ಕೆರೆ ಏರಿಯ ಹತ್ತಿರದ ಒಂದು ಬಾಡಿಗೆ ಮನೆಯ ಮಹಡಿಯಲ್ಲಿ. ಅದರ ಚಕ್ಕುಬಂದಿ ಹೇಳಬೇಕೆಂದರೆ ಮೇಲಕ್ಕೆ ಆಕಾಶ, ಕೆಳಕ್ಕೆ ಓನರು. ಅಲ್ಲಿಯ ಅಡುಗೆ ಕಟ್ಟೆ ನಾಗರತ್ನಳ ಎದೆಯ ಮಟ್ಟಕ್ಕೆ ಬರುತ್ತಿತ್ತು. ಆಕೆ ಎತ್ತರದಲ್ಲಿ ಸ್ವಲ್ಪ ಕಡಿಮೆ. ನಮ್ಮ ಮದುವೆಯ ಫೋಟೋದಲ್ಲಿ ಅವಳನ್ನು ಮಣೆಯ ಮೇಲೆ ನಿಲ್ಲಿಸಿದ್ದರು. ಅದೇ ಮಣೆಯನ್ನು ಆಕೆ ಮನೆಯಿಂದ ಮನೆಗೆ ಹೊತ್ತುಕೊಂಡು ಬಂದು, ಅದರ ಮೇಲೆ ನಿಂತೇ ಅಷ್ಟೂ ವರ್ಷ ಅಡುಗೆ ಮಾಡಿದ್ದಳು. ನಾನು ಎಂದಾದರೂ ಸಾರಿಗೆ ಉಪ್ಪು ಕಡಿಮೆ ಎಂದರೆ, ‘ಮಣೆ ಮೇಲಿಂದ ಇಳ್ದು ಬಂದು ಹಾಕ್ಲಾ, ನೀವೇ ಹಾಕ್ಕೊಂತೀರಾ?’ ಎಂದು ಕೇಳುತ್ತಿದ್ದಳು.

ಸಿ.ಎಸ್. ಪುರದ ಹತ್ತಿರ ನಮ್ಮಪ್ಪನ ಪಾಲಿಗೆ ಬಂದಿದ್ದ ಹೊಲ ಮಾರಿ ತುಮಕೂರಿನಲ್ಲಿ ನಿವೇಶನ ಕೊಂಡೆ. ನಾಗರತ್ನಳ ಅಣ್ಣ, ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ಮಹೇಶಪ್ಪ ಭಾವ, ‘ಚೆಂದಾಗಿ ಒಂದು ಮನೆ ಕಟ್ಕೊಂಡು ಹಾಯಾಗಿರಯ್ಯ’ ಎಂದರು. ನಾನು ನಕ್ಕೆ. ಒಂದು ಮನೆ ಯಾರು ಬೇಕಾದರೂ ಕಟ್ಟುತ್ತಾರೆ. ತುಮಕೂರು ಇನ್ನು ಹತ್ತು ವರ್ಷದಲ್ಲಿ ದೊಡ್ಡ ಸಿಟಿ ಆಗುತ್ತದೆ, ಕಾಲೇಜುಗಳು ಬರುತ್ತಿವೆ, ಸುತ್ತಲ ತಾಲ್ಲೂಕುಗಳ ಜನವೆಲ್ಲ ಅಲ್ಲಿಗೇ ಬರುತ್ತಾರೆ, ಆದ್ದರಿಂದ ಕೆಳಗೆ ಎರಡು, ಮೇಲೆ ಎರಡು, ಒಟ್ಟು ನಾಲ್ಕು ಪೋರ್ಷನ್ ಕಟ್ಟಿ ಬಾಡಿಗೆಗೆ ಕೊಡಬೇಕು ಎಂದು ಅವರಿಗೆ ವಿವರಿಸಿದೆ. ನಾಗರತ್ನ ಕೇಳಿದ್ದು ಒಂದೇ ಮಾತು. ‘ನಾಲ್ಕರಲ್ಲಿ ನಂದ್ಯಾವುದು?’ ಕೆಳಗಿನ ಪೂರ್ವದ್ದು ಎಂದೆ. ನಾನು ಪತ್ರ ಬರೆಯುವುದನ್ನು ಬಿಟ್ಟ ದಿನ ನಾವು ಅಲ್ಲಿಗೆ ಹೋಗುವುದು, ಅಲ್ಲಿಯವರೆಗೆ ಬಾಡಿಗೆ ಬರಲಿ ಎಂದು ಮಾತು ಕೊಟ್ಟೆ. ಪಾಯದ ಮೇಲೆ ಗೋಡೆ ಎದ್ದ ವಾರವೇ ಆಕೆ ಗುಬ್ಬಿ ಗೇಟಿನ ಹತ್ತಿರ ಮನೆ ಏಳುತ್ತಿದ್ದ ಜಾಗಕ್ಕೆ ಬಂದು, ಪೂರ್ವದ ಪೋರ್ಷನ್ನಿನ ಅಡುಗೆಮನೆಯಲ್ಲಿ ನೆಟ್ಟಗೆ ನಿಂತು, ಸೊಂಟದ ಹತ್ತಿರ ಅಂಗೈ ಇಟ್ಟು, ಕಟ್ಟೆ ಇಷ್ಟಕ್ಕೇ ಬರಬೇಕು ಎಂದಳು.

ಮೇಸ್ತ್ರಿ ತಲೆ ಕೆರೆದುಕೊಂಡ. ‘ಏನವ್ವಾ, ಇಷ್ಟು ತಗ್ಗಿಗಾ? ಬಾಡ್ಗೆಗೆ ಬಂದೋರು ನನ್ನ ಬಯ್ಕಂತಾರೆ.’

‘ಬಯ್ಲಿ ಬುಡಪ್ಪ. ಇದು ಬಾಡ್ಗೆಯೋರ್ಗಲ್ಲ, ನಂಗೆ’ ಎಂದಳು. ಅಷ್ಟು ಗಟ್ಟಿಯಾಗಿ ಆಕೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಮನೆ ಮುಗಿಯಿತು. ಈಗ ನನ್ನ ಸರದಿ. ಬೇರೆಯವರಿಗೆ ಸಾವಿರಾರು ಕರಾರು ಬರೆದವನು ನನ್ನದೇ ಮನೆಗೆ ಬರೆಯುವಾಗ ಹೇಗೆ ಬರೆಯಬೇಡ! ಎರಡು ಭಾನುವಾರ ಕೂತು ಇಪ್ಪತ್ತು ಷರತ್ತುಗಳ ಒಂದು ಬಾಡಿಗೆ ಕರಾರು ಸಿದ್ಧಮಾಡಿದೆ. ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ. ಮೂರು ದಿನಕ್ಕಿಂತ ಹೆಚ್ಚು ನೆಂಟರನ್ನು ಇರಿಸಿಕೊಳ್ಳತಕ್ಕದ್ದಲ್ಲ. ಸದ್ದು ಮಾಡುವ ಯಾವುದೇ ಯಂತ್ರವನ್ನು ಇಟ್ಟುಕೊಳ್ಳತಕ್ಕದ್ದಲ್ಲ. ನೆರೆಯವರಿಗೆ ಕೆಮ್ಮು ಬರುವಂಥ ಒಗ್ಗರಣೆ ಹಾಕತಕ್ಕದ್ದಲ್ಲ. ಮೆಟ್ಟಿಲನ್ನು ಸರದಿಯಂತೆ ಗುಡಿಸತಕ್ಕದ್ದು. ನಾಲ್ಕನೆಯ ಷರತ್ತಿನಲ್ಲಿ, ನಮ್ಮ ಮನೆತನದ ಅಭ್ಯಾಸದಂತೆ, ಮಾಂಸದಡುಗೆ ಕೂಡದು ಎಂದಿತ್ತು. ಮನೆ ನೋಡಲು ಜನ ಬರುತ್ತಿದ್ದರು, ಗಾಳಿ ಬೆಳಕು ಚೆನ್ನಾಗಿದೆ ಎನ್ನುತ್ತಿದ್ದರು. ನಾನು ಜಗಲಿಯಲ್ಲಿ ಕೂರಿಸಿಕೊಂಡು ಕರಾರನ್ನು ಸ್ಫುಟವಾಗಿ ಓದಿ ಹೇಳುತ್ತಿದ್ದೆ. ಏಳು ಎಂಟನೆಯ ಷರತ್ತಿಗೆ ಬರುವಷ್ಟರಲ್ಲಿ ಅವರಿಗೆ ಬಸ್ಸಿನ ಹೊತ್ತಾಗುತ್ತಿತ್ತು. ಐದು ತಿಂಗಳು ನಾಲ್ಕು ಪೋರ್ಷನ್ನುಗಳೂ ಖಾಲಿ ಬಿದ್ದಿದ್ದವು.

ಕೊನೆಗೆ ಬಂದವರು ಮಂಡಿಪೇಟೆಯ ಕಡೆ ಹಾಸಿಗೆ ದಿಂಬು ಮಾಡುವ ಅಂಗಡಿ ಇಟ್ಟಿದ್ದ ಅನ್ವರ್ ಸಾಹೇಬರು, ಅವರ ಹೆಂಡತಿ ರಜಿಯಾ ಬೇಗಂ. ಸಾಹೇಬರು ಇಪ್ಪತ್ತನ್ನೂ ತಾಳ್ಮೆಯಿಂದ ಕೇಳಿ, ‘ನಾಲ್ಕನೇದು ಬಿಟ್ಟು ಮಿಕ್ಕಿದ್ದೆಲ್ಲ ಒಪ್ಪಿಗೆ ರೈಟ್ರೇ’ ಎಂದರು.

‘ನಾಲ್ಕನೇದು ಮುಖ್ಯವಾದ್ದು ಸಾಹೇಬ್ರೇ’ ಎಂದೆ.

ಅಲ್ಲಿಯವರೆಗೂ ಸುಮ್ಮನಿದ್ದ ರಜಿಯಾ ಬೇಗಂ, ‘ಅಣ್ಣಾ, ಮನೆ ಕಟ್ಟಿ ಐದು ತಿಂಗ್ಳಾಯ್ತು ಅಂದ್ರಲ್ಲ, ನಿಮ್ಮ ನಾಲ್ಕನೇ ಷರತ್ತು ಬಾಡ್ಗೆ ಕೊಡ್ತಾ ಇದ್ಯಾ?’ ಎಂದು ಕೇಳಿದರು.

ಪೆನ್ನು ತೆಗೆದು ನಾಲ್ಕನೆಯದರ ಮೇಲೆ ಗೆರೆ ಎಳೆದು, ಹೊಡೆದುಹಾಕಿದ್ದು ಸರಿ ಎಂದು ಪಕ್ಕದಲ್ಲಿ ಷರಾ ಬರೆದು ಸಹಿ ಮಾಡಿದೆ. ನಮ್ಮ ಕಸುಬಿನಲ್ಲಿ ಸೋತರೂ ಕ್ರಮವಾಗಿ ಸೋಲಬೇಕು. ಅವರು ಮಹಡಿಗೆ ಬಂದರು. ಅವರ ಹಿಂದೆಯೇ ಬಸ್ ಕಂಡಕ್ಟರಾಗಿ ನಿವೃತ್ತರಾದ ಪುಟ್ಟಸ್ವಾಮಯ್ಯ ಕೆಳಗಿನ ಪಶ್ಚಿಮದ ಪೋರ್ಷನ್ನಿಗೆ ಬಂದರು. ಅವರಿಗೆ ನನ್ನ ಷರತ್ತುಗಳು ಎಷ್ಟು ಹಿಡಿಸಿದವೆಂದರೆ ತಮ್ಮ ಪ್ರತಿಗೆ ಪ್ಲಾಸ್ಟಿಕ್ ಹೊದಿಸಿ ನಡುಮನೆಯಲ್ಲಿ ತೂಗುಹಾಕಿದರು. ಮೊಳೆ ಹೊಡೆಯದೆ, ಕಿಟಕಿಯ ಸರಳಿಗೆ ದಾರ ಕಟ್ಟಿ. ಮಹಡಿಯ ಇನ್ನೊಂದು ಪೋರ್ಷನ್ನಿಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಗಂಡಹೆಂಡಿರು ಬಂದರು. ಅವರು ಮಾತಾಡಿದ್ದನ್ನು ನಾನು ಇವತ್ತಿನವರೆಗೆ ಕೇಳಿಲ್ಲ.

ತೊಂದರೆ ಕೊಟ್ಟದ್ದು ಪೂರ್ವದ ಪೋರ್ಷನ್ನು. ಅಲ್ಲಿ ಯಾರೂ ವರ್ಷ ತುಂಬಿಸುತ್ತಿರಲಿಲ್ಲ. ಅದಕ್ಕೆ ಕಾರಣ ಆ ತಗ್ಗು ಅಡುಗೆ ಕಟ್ಟೆ ಎಂದು ಎಲ್ಲರೂ ಹೇಳುತ್ತಿದ್ದರು. ಬಂದ ಹೆಂಗಸರಿಗೆಲ್ಲ ಬಗ್ಗಿ ಬಗ್ಗಿ ಬೆನ್ನು ನೋವು. ಕಟ್ಟೆಯನ್ನು ಎತ್ತರಿಸಿಕೊಡಿ ಎಂದು ಎಷ್ಟೋ ಸಲ ಕೇಳಿದರು. ನಾನು ಒಪ್ಪಲಿಲ್ಲ, ಬೇರೆ ವಿಷಯದಲ್ಲಿ ಹೇಗೋ, ಇದರಲ್ಲಿ ಮಾತ್ರ ಹೆಂಡತಿಗೆ ಕೊಟ್ಟ ಮಾತನ್ನು ಉಳಿಸಿಕೊಂಡೆ. ಪ್ರತಿ ಸಲ ಖಾಲಿಯಾದಾಗಲೂ ನಾನು ಒಂದು ದಿನದ ಕೆಲಸ ಬಿಟ್ಟು ತುಮಕೂರಿನ ಬಸ್ಸು ಹತ್ತಿ, ಹೊಸಬರನ್ನು ಮುಖ ನೋಡಿಯೇ ಅಳೆದು ಆರಿಸುತ್ತಿದ್ದೆ. ಮುಖ ನೋಡಿ ಜನರನ್ನು ಅಳೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ನಾವಿಬ್ಬರೇ ಸಾರ್ ಎಂದು ಬಂದ ಒಬ್ಬ ಸಾಧು ಮನುಷ್ಯ ಹದಿನೈದು ದಿನದಲ್ಲಿ ಹನ್ನೊಂದು ಜನರಾದ. ಇನ್ನೊಬ್ಬ ಬೆಳಗಾಗೆದ್ದು ಹಾರ್ಮೋನಿಯಂ ಪಾಠ ಶುರುಮಾಡಿ, ಅದು ಯಂತ್ರವಲ್ಲ, ವಾದ್ಯ ಎಂದು ನನ್ನ ಷರತ್ತನ್ನೇ ನನಗೆ ಓದಿ ತೋರಿಸಿದ. ಅವನು ಖಾಲಿ ಮಾಡಿದ ದಿನ ರಜಿಯಾ ಬೇಗಂ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದರು.

‘ಅಣ್ಣಾ, ಬೇಜಾರ್ ಮಾಡ್ಕೋಬೇಡಿ. ನಿಮ್ಗೆ ಪತ್ರ ಬರೆಯೋಕೆ ಬರುತ್ತೆ, ಜನ ನೋಡೋಕೆ ಬರಲ್ಲ. ನೀವು ಕುಣಿಗಲ್ಲಿಗೆ ಹೋಗ್ಬಿಡ್ತೀರ. ಒಂದೇ ಟ್ಯಾಂಕಿನ ನೀರು ಕುಡ್ಕೊಂಡು ಅವ್ರ ಜೊತೆ ಇರೋರು ನಾವಲ್ವಾ?’

ಪುಟ್ಟಸ್ವಾಮಯ್ಯನವರೂ ಹೌದೆಂದರು. ನನಗೂ ಬಸ್ಸು ಹತ್ತಿ ಇಳಿದು ಸಾಕಾಗಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕೂತು, ಹೊಸ ಕಾಗದ ತೆಗೆದು, ನನ್ನ ಜೀವಮಾನದ ಅತ್ಯುತ್ತಮ ಬರವಣಿಗೆ ಎಂದು ನಾನು ಬಹುಕಾಲ ಹೇಳಿಕೊಂಡ ಇಪ್ಪತ್ತೊಂದನೆಯ ಷರತ್ತನ್ನು ಬರೆದೆ: ‘ಇನ್ನು ಮುಂದೆ ಸದರಿ ಕಟ್ಟಡದಲ್ಲಿ ಖಾಲಿಯಾಗುವ ಪೋರ್ಷನ್ನಿಗೆ ವಾಸಕ್ಕೆ ಬರುವವರು ಯಾರೇ ಆಗಲಿ, ಉಳಿದ ಪೋರ್ಷನ್ನುಗಳ ನಿವಾಸಿಗಳ ಮುಂದೆ ಹಾಜರಾಗಿ ಅವರ ಒಪ್ಪಿಗೆ ಪಡೆದ ನಂತರವೇ ಬರತಕ್ಕದ್ದು. ಈ ಬಗ್ಗೆ ಮಾಲೀಕರಾದ ನನ್ನ ಯಾವ ತಕರಾರೂ ಈಗಲೂ ಇಲ್ಲ, ಮುಂದೆಯೂ ಇರುವುದಿಲ್ಲ.’ ಮೂರು ಮನೆಯವರಿಗೂ ಒಂದೊಂದು ಪ್ರತಿ ಕೊಟ್ಟು ಬಸ್ಸು ಹತ್ತಿದೆ. ಪುಟ್ಟಸ್ವಾಮಯ್ಯ ತಮ್ಮ ಪ್ರತಿಯನ್ನು ಹಳೆಯ ಕರಾರಿನ ಜೊತೆ ಪ್ಲಾಸ್ಟಿಕ್ಕಿನೊಳಗೆ ಸೇರಿಸಿದರು.

ಅಲ್ಲಿಂದ ಮುಂದೆ ನನ್ನ ಹೂಡಿಕೆ ಚಿನ್ನದಂತೆ ನಡೆಯಿತು. ಅವರು ಆರಿಸಿದವರೆಲ್ಲ ಸಭ್ಯರು, ಬೆನ್ನು ನೋಯುವವರೆಗೆ ಇದ್ದು ಸದ್ದಿಲ್ಲದೆ ಹೋಗುತ್ತಿದ್ದರು. ಬಾಡಿಗೆ ಒಂದನೆಯ ತಾರೀಕು ತಪ್ಪುತ್ತಿರಲಿಲ್ಲ. ನಾನು ಹೊಂಗೆಮರದ ಕೆಳಗೆ ಕೂತು ಬಂದವರಿಗೆಲ್ಲ ಇಪ್ಪತ್ತೊಂದನೆಯ ಷರತ್ತಿನ ಮಹಿಮೆ ಹೇಳುತ್ತಿದ್ದೆ. ದೇವರೇ ಇಳಿದು ಬಂದರೂ ಅದನ್ನು ಮುರಿಯಲಾಗುವುದಿಲ್ಲ ಎನ್ನುತ್ತಿದ್ದೆ. ಗುಬ್ಬಿಯ ಭಾವ ಒಬ್ಬರೇ, ‘ಅಲ್ಲಯ್ಯ, ಮನೆ ನಿಂದು, ಒಪ್ಪಿಗೆ ಅವರ್ದಾ?’ ಎಂದು ಕೇಳಿದವರು. ಕೊಬ್ಬರಿ ವ್ಯಾಪಾರದವರಿಗೆ ಇಂಥ ಸೂಕ್ಷ್ಮ ತಿಳಿಯುವುದಿಲ್ಲ ಎಂದುಕೊಂಡೆ.

ವರ್ಷಗಳು ಹೋದವು. ರಿಜಿಸ್ಟ್ರಾರ್ ಕಚೇರಿಗೆ ಕಂಪ್ಯೂಟರ್ ಬಂತು. ಎದುರಿನ ಅಂಗಡಿಯಲ್ಲಿ ಜಾಗದ ಹೆಸರು ಬದಲಾಯಿಸಿ ಗುಂಡಿ ಒತ್ತಿದರೆ ಕ್ರಯಪತ್ರ ಉದುರತೊಡಗಿತು. ನನ್ನ ಟೈಪ್ ಮೆಷಿನ್ನಿನ ಮೇಲೆ ಹೊಂಗೆ ಹೂ ಉದುರತೊಡಗಿತು. ಸಾಕು ಎಂದು ತೀರ್ಮಾನಿಸಿದೆ. ಪೂರ್ವದ ಪೋರ್ಷನ್ನೂ ಅದೇ ತಿಂಗಳು ಖಾಲಿಯಾಯಿತು. ನಾಗರತ್ನಳಿಗೆ ಬೆಳಿಗ್ಗೆ ಹೇಳಿದೆ. ಸಂಜೆಯೊಳಗೆ ಅರ್ಧ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿದ್ದಳು. ನಾನೂ ಹುಮ್ಮಸ್ಸಿನಲ್ಲಿ ಕುಣಿಗಲ್ಲಿನ ಓನರಿಗೆ ತಿಂಗಳ ಕೊನೆಗೆ ಬಿಡುತ್ತೇವೆ ಎಂದೆ, ಅವರು ಹೊಸಬರಿಂದ ಅಡ್ವಾನ್ಸ್ ತೆಗೆದುಕೊಂಡೂ ಆಯಿತು. ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ತುಮಕೂರಿಗೆ ಹೋದೆವು. ಬೀಗದ ಕೈ ಎಂದಿನಂತೆ ಪುಟ್ಟಸ್ವಾಮಯ್ಯನವರ ಹತ್ತಿರ ಇತ್ತು. ಕೈ ಚಾಚಿದೆ. ಅವರು ಕುರ್ಚಿ ತೋರಿಸಿದರು.

‘ಕೂತ್ಕಳಿ ರೈಟ್ರೇ. ರಜಿಯಮ್ಮ ಬರ್ಲಿ. ಬ್ಯಾಂಕಿನೋರು ಅವರ್ದನ್ನ ರಜಿಯಮ್ಮನಿಗೇ ವಹಿಸವ್ರೆ.’

‘ಏನನ್ನ ವಹಿಸಿದ್ದಾರೆ?’

‘ಒಪ್ಪಿಗೇನ’ ಎಂದು ಅವರು ಕಿಟಕಿಯಲ್ಲಿ ತೂಗುತ್ತಿದ್ದ ಪ್ಲಾಸ್ಟಿಕ್ ಹೊದಿಕೆಯ ಕಡೆ ತೋರಿಸಿದರು.

ನಾನು ಗಟ್ಟಿಯಾಗಿ ನಕ್ಕೆ. ಅಲ್ಲಿ ಬೇರೆ ಯಾರೂ ನಗಲಿಲ್ಲ. ಅಷ್ಟರಲ್ಲಿ ರಜಿಯಾ ಬೇಗಂ ಬಂದು, ನಾಗರತ್ನಳ ಕೈ ಹಿಡಿದು ‘ಚೆನ್ನಾಗಿದೀರಾ ಅಕ್ಕಾ?’ ಎಂದು ವಿಚಾರಿಸಿ, ನನ್ನ ಎದುರು ಕೂತರು. ಸಂದರ್ಶನ ಶುರುವಾಯಿತು. ಮನೆಯಲ್ಲಿ ಎಷ್ಟು ಜನ ಎಂದರು. ಇಬ್ಬರೇ ಎಂದೆ. ಹಾಗೆ ಹೇಳಿ ಹನ್ನೊಂದಾದವನ ನೆನಪು ಅಲ್ಲಿದ್ದ ಎಲ್ಲರಿಗೂ ಬಂದಿತೆಂದು ಅವರ ಮುಖದಿಂದ ತಿಳಿಯಿತು. ನೆಂಟರು? ಗುಬ್ಬಿಯ ಭಾವ ಬಂದರೆ ಎಂಟು ದಿನಕ್ಕೆ ಕಡಿಮೆ ಇರುವುದಿಲ್ಲ ಎಂದು ನಾಗರತ್ನ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಳು. ಯಂತ್ರ? ನನ್ನ ಟೈಪ್ ಮೆಷಿನ್ನಿನ ಸದ್ದು ತಾಲ್ಲೂಕು ಕಚೇರಿಯವರೆಗೆ ಕೇಳುತ್ತಿತ್ತು ಎಂದು ನಾನೇ ಇವರಿಗೆ ಹಿಂದೆ ಜಂಬ ಕೊಚ್ಚಿದ್ದೆ. ಒಗ್ಗರಣೆಯ ವಿಷಯ ಬಂದಾಗ ನಾನು ಕೆಮ್ಮಿದೆ. ನಮ್ಮ ಮನೆಯ ಒಣಮೆಣಸಿನಕಾಯಿ ಒಗ್ಗರಣೆಗೆ ಕುಣಿಗಲ್ಲಿನಲ್ಲಿ ಕೆಳಗಿನ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹತ್ತು ಹನ್ನೆರಡು ವರ್ಷ ಮಹಡಿಯಲ್ಲೇ ಬಾಡು ಬೇಯಿಸಿಯೂ ಯಾರಿಗೂ ಕೆಮ್ಮು ಬರಿಸದ ರಜಿಯಾ ಬೇಗಂ ಅದನ್ನು ಕೇಳಿ, ‘ಅಯ್ಯೋ ಅಲ್ಲಾ’ ಎಂದಷ್ಟೇ ಅಂದರು.

ನನಗೆ ರೇಗಿತು. ‘ನೋಡಿ ರಜಿಯಮ್ಮ, ನಾನು ಈ ಮನೆಯ ಓನರು!’

‘ಇಲ್ಲ ಅಂದೋರ್ಯಾರು ಅಣ್ಣಾ? ಆದ್ರೆ ಯಾರೇ ಆಗ್ಲಿ ಅಂತ ಬರ್ದಿದೀರಲ್ಲ. ಓನರನ್ನ ಬಿಟ್ಟು ಅಂತ ಬರ್ದಿಲ್ಲ.’

ಪುಟ್ಟಸ್ವಾಮಯ್ಯ ಕರಾರನ್ನು ದಾರದಿಂದ ಬಿಡಿಸಿ ತಂದು ನನ್ನ ತೊಡೆಯ ಮೇಲಿಟ್ಟರು. ‘ಜಗಳ ಯಾಕೆ ಸ್ವಾಮಿ? ಈ ಕಾಗದಕ್ಕೆ ಬೆಲೆ ಇಲ್ಲ, ಏನೋ ಸುಮ್ನೆ ಬರ್ದಿದ್ದೆ ಅಂತ ಒಂದು ಮಾತು ಹೇಳ್ಬುಡಿ. ಈಗ್ಲೇ ಬೀಗದ ಕೈ ಕೊಡ್ತೀವಿ.’

ಓದುಗರೇ, ಎಷ್ಟು ಸುಲಭದ ಮಾತು! ನಾನು ಕನ್ನಡಕ ಹಾಕಿಕೊಂಡು ಷರತ್ತನ್ನು ಮೂರು ಸಲ ಓದಿದೆ. ಎಲ್ಲಾದರೂ ಒಂದು ಸಂದು ಸಿಕ್ಕೀತೇ ಎಂದು ಹುಡುಕಿದೆ. ಸಿಗಲಿಲ್ಲ. ಸಂಕಟದ ನಡುವೆಯೂ, ಎಂಥ ಬರವಣಿಗೆ ಎಂದು ಒಳಗೊಳಗೇ ಹೆಮ್ಮೆಯಾದದ್ದು ಸುಳ್ಳಲ್ಲ. ಬೆಲೆ ಇಲ್ಲ ಎಂದು ಹೇಳಲು ಹೋದವನು ಕಾಗದವನ್ನು ಪುಟ್ಟಸ್ವಾಮಯ್ಯನವರ ಕೈಗೇ ವಾಪಸು ಕೊಟ್ಟೆ. ಇದಕ್ಕೆ ಬೆಲೆ ಇಲ್ಲ ಎಂದರೆ ಹೊಂಗೆಮರದ ಕೆಳಗೆ ಬರೆದ ಅಷ್ಟೂ ಪತ್ರಗಳಿಗೆ ಬೆಲೆ ಇಲ್ಲವೆಂದು ನಾನೇ ಸಹಿ ಹಾಕಿದಂತೆ ಎನ್ನಿಸಿತು. ಪಕ್ಕದಲ್ಲಿ ನಾಗರತ್ನ ನನ್ನನ್ನೇ ನೋಡುತ್ತಿದ್ದಳು. ಅಷ್ಟೂ ವರ್ಷ ಮಣೆಯ ಮೇಲೆ ನಿಂತು ಕಾದವಳಿಗಾಗಿ ಒಂದು ಮಾತು ಆಡಲು ನನ್ನಿಂದ ಆಗಲಿಲ್ಲ. ಆಗ ನನಗೆ ನಾಚಿಕೆಯಾಯಿತು. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಆಗುತ್ತದೆ.

ಆಕೆ ಎದ್ದು, ‘ಮನೆ ಕೊಡಿ ಅಂತ ಕೇಳಲ್ಲ. ಒಂದು ಸಲ ಅಡ್ಗೆಮನೆ ನೋಡ್ಕೊಂಡು ಬರ್ಲಾ?’ ಎಂದಳು. ರಜಿಯಾ ಬೇಗಂ ಬೀಗದ ಕೈ ತೆಗೆದುಕೊಂಡು ಜೊತೆಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನಾನೂ ಹೋಗಿ ಬಾಗಿಲಲ್ಲಿ ನಿಂತೆ. ನಾಗರತ್ನ ಆ ಕಟ್ಟೆಯ ಮುಂದೆ, ಬರಿಯ ನೆಲದ ಮೇಲೆ ನಿಂತು, ಎರಡು ಅಂಗೈಗಳನ್ನೂ ಅದರ ಮೇಲೆ ಊರಿದ್ದಳು. ಬಗ್ಗಿರಲಿಲ್ಲ, ಹಿಮ್ಮಡಿ ಎತ್ತಿರಲಿಲ್ಲ. ಕಟ್ಟೆ ಅವಳ ಸೊಂಟಕ್ಕೆ ಸರಿಯಾಗಿತ್ತು. ರಜಿಯಾ ಬೇಗಂ ಒಮ್ಮೆ ಕಟ್ಟೆಯನ್ನು, ಒಮ್ಮೆ ಅವಳನ್ನು ನೋಡಿದರು.

‘ಅಕ್ಕಾ, ಇದು ನಿಮ್ದಾ! ಇದನ್ನ ಕಟ್ಟಿಸ್ದೋರು ಯಾರು ಅಂತ ಬಂದೋರೆಲ್ಲ ಶಾಪ ಹಾಕ್ತಿದ್ರು, ನಾನೂ ಹಾಕಿದೀನಿ. ಮೊದ್ಲೇ ಹೇಳ್ಬಾರ್ದಿತ್ತಾ?’

‘ನನ್ನ ಯಾರು ಕೇಳಿದ್ರು?’ ಎಂದಳು ನಾಗರತ್ನ.

ಅವರಿಬ್ಬರೂ ಅಲ್ಲೇ ಕಟ್ಟೆಗೆ ಒರಗಿಕೊಂಡು ಬಹಳ ಹೊತ್ತು ಮಾತಾಡಿದರು. ನಾನು ಜಗಲಿಯಲ್ಲಿ ಪುಟ್ಟಸ್ವಾಮಯ್ಯನವರ ಜೊತೆ ಕಾದೆ. ಕೊನೆಗೆ ರಜಿಯಾ ಬೇಗಂ ಹೊರಗೆ ಬಂದು ತೀರ್ಪು ಹೇಳಿದರು. ಅಕ್ಕನಿಗೆ ಮೂರು ಮನೆಯವರ ಒಪ್ಪಿಗೆಯೂ ಇದೆ. ಕರಾರು ಅಕ್ಕನ ಹೆಸರಿಗೇ ಆಗಬೇಕು. ರೈಟರಣ್ಣನ ವಿಷಯ ಅಕ್ಕನಿಗೆ ಬಿಟ್ಟದ್ದು, ಅವರ ಜೊತೆಗೆ ಇರುವವರು ಎಂದು ಬರೆಯಬಹುದು, ಟೈಪ್ ಮೆಷಿನ್ ಮಾತ್ರ ಬರಬಾರದು. ಪುಟ್ಟಸ್ವಾಮಯ್ಯ ತಲೆಯಾಡಿಸಿ, ರೈಟ್ ರೈಟ್ ಎಂದು ಬಸ್ಸು ಬಿಡುವಂತೆ ಕೈಯಾಡಿಸಿದರು.

ಹಾಗೆ ಒಂದು ಛಾಪಾ ಕಾಗದದ ಮೇಲೆ ನನ್ನ ಕೈಯಾರೆ ಆ ಕರಾರನ್ನು ಬರೆದೆ. ಒಂದನೆಯ ಪಾರ್ಟಿ, ಮಾಲೀಕ, ನಾನು. ಎರಡನೆಯ ಪಾರ್ಟಿ, ಬಾಡಿಗೆದಾರರು, ಶ್ರೀಮತಿ ನಾಗರತ್ನಮ್ಮ. ಜೊತೆಯಲ್ಲಿ ವಾಸಿಸುವವರು: ಗಂಡ, ಒಬ್ಬ. ಕೆಳಗೆ ಪತ್ರ ಬರೆದವನೆಂದು ಇನ್ನೊಂದು ಸಹಿ ನನ್ನದೇ. ಬರೆದು ಮುಗಿಸುವಾಗ ನಾಗರತ್ನ ಬಗ್ಗಿ ನೋಡಿ, ‘ಯಾರೇ ಆಗ್ಲಿ ಅಂತ ಎಲ್ಲೂ ಹಾಕ್ಬೇಡಿ ಕಣ್ರೀ, ಹೆಸರು ಹಿಡ್ದು ಬರೀರಿ. ಆ ಗಂಡ ಅನ್ನೋನ ವಿಷಯಕ್ಕೆ ಮಾತ್ರ ಇನ್ನೊಂದು ಸಾಲು ಸೇರ್ಸಿ’ ಎಂದು ತಾನೇ ಹೇಳಿ ಬರೆಸಿದಳು: ‘ಸದರಿ ಗಂಡನ ವಾಸವು ಎರಡನೆಯ ಪಾರ್ಟಿಯ ಮರ್ಜಿಗೆ ಒಳಪಟ್ಟಿರತಕ್ಕದ್ದು.’ ಒಳ್ಳೆಯ ಸಾಲು. ಕಸುಬಿನವನಾಗಿ ಹೇಳುತ್ತೇನೆ, ಒಂದಕ್ಷರ ಕೂಡಿಸುವ ಹಾಗಿಲ್ಲ, ಕಳೆಯುವ ಹಾಗಿಲ್ಲ.

ಈಗ ಆ ಮಣೆ ನನಗೆ ಬಂದಿದೆ. ಅದರ ಮೇಲೆ ಕೂತು ಊಟ ಮಾಡುತ್ತೇನೆ, ಉಪ್ಪು ಕಡಿಮೆ ಇದ್ದರೆ ನಾನೇ ಎದ್ದು ಹಾಕಿಕೊಳ್ಳುತ್ತೇನೆ. ನಾಲ್ಕು ಪೋರ್ಷನ್ನುಗಳ ಮಾಲೀಕನೆಂಬ ನನ್ನ ವಿಶ್ವಾಸ ಕಿಂಚಿತ್ತೂ ಕುಂದಿಲ್ಲ. ದಾರಿಯಲ್ಲಿ ಸಿಕ್ಕವರಿಗೆ ತುಮಕೂರಿನಲ್ಲಿ ಕಟ್ಟಡದ ಮೇಲೆ ಹಣ ಹಾಕುವುದು ಹೇಗೆಂದು ಈಗಲೂ ಬಿಡಿಸಿ ಹೇಳುತ್ತೇನೆ. ಒಂದು ಮಾತು ಮಾತ್ರ ಅವರಿಗೆ ಹೇಳಿಲ್ಲ. ಎಲ್ಲ ಬಾಡಿಗೆ ಕರಾರುಗಳಂತೆ ನಮ್ಮದೂ ಹನ್ನೊಂದು ತಿಂಗಳದ್ದು. ಅವಧಿ ಮುಗಿಯುತ್ತ ಬಂದಾಗ ನಾಗರತ್ನ ಕನ್ನಡಕ ಏರಿಸಿಕೊಂಡು ಅದನ್ನು ಮೊದಲಿಂದ ಕೊನೆಯವರೆಗೆ ಓದಿ, ಮಡಚಿಟ್ಟು, ‘ನೋಡೋಣ’ ಎನ್ನುತ್ತಾಳೆ. ಮೊನ್ನೆ ಭಾನುವಾರವೂ ಹಾಗೇ ಅಂದಳು. ಅದಕ್ಕೇ ಈ ವಾರ ಸರದಿ ನನ್ನದಲ್ಲದಿದ್ದರೂ ದಿನಾ ಬೆಳಿಗ್ಗೆ ಎದ್ದು ಮಹಡಿಯವರೆಗೆ ಮೆಟ್ಟಿಲು ಗುಡಿಸುತ್ತಿದ್ದೇನೆ.